ಮುಖವಿಲ್ಲದ ತಾಯಿ

ಮೂರೂವರೆ ವರ್ಷದ ಹುಡುಗನೊಬ್ಬನು ಒಂದು ದಿನ ಕೋಣೆಯೊಳಕ್ಕೆ ಬಂದನು. ತಾಯಿ ಕುಳಿತಿದ್ದಳು. ಅವಳ ಮಡಿಲಲ್ಲಿ ಅವನ ಪುಟ್ಟ ತಮ್ಮ ಪರ್ಸಿ ಮೈಮೇಲೆ ಬಟ್ಟೆಯಿಲ್ಲದೆ ಮಲಗಿದ್ದನು, ಉಸಿರು ನಿಂತುಹೋಗಿತ್ತು. ಹುಡುಗನು ನುಗ್ಗಿ ಬಂದು ತಮ್ಮನನ್ನು ಬಿಗಿಯಾಗಿ ಹಿಡಿದುಕೊಂಡು, ಅವನನ್ನು ಹೋಗಗೊಡಬಾರದು, ಹೋದರೆ ಮತ್ತೆಂದೂ ಸಿಕ್ಕುವುದಿಲ್ಲವೆಂದು ಕೂಗಿದನಂತೆ. ತಾಯಿ ಅವನನ್ನು ಹೊರಗೆ ಕಳುಹಿಸಿದಳು. ಬಳಿಕ ಹುಡುಗನೂ ಹಾಸಿಗೆ ಹಿಡಿದನು. ರೋಗವೇನೆಂದು ತಿಳಿಯಲಿಲ್ಲ. ನೋಡಲು ಬಂದ ವೈದ್ಯರು, ತಮ್ಮನ ಅಗಲಿಕೆಯ ದುಃಖದಿಂದಲೇ ಇವನು ಸಾಯುತ್ತಿದ್ದಾನೆ, ತಾಯಿಗೆ ಇವನನ್ನು ಉಳಿಸಿಕೊಳ್ಳಲಾಗದಿದ್ದರೆ ತಮ್ಮಿಂದಲೂ ಆಗದು ಎಂದುಬಿಟ್ಟರು. ತಾಯಿ ಅವನನ್ನು ಮಕ್ಕಳೊಂದಿಗಳಾದ ಚಿಕ್ಕಮ್ಮನ ಮನೆಗೆ ಒಯ್ದಳು. ಅಲ್ಲಿ ಹುಡುಗನು ಚೇತರಿಸಿಕೊಂಡನು.

ಇದನ್ನೆಲ್ಲ ಅವನಿಗೆ ಮುಂದೆ ಹೇಳಿದವಳು ತಾಯಿಯೇ. ಅವನಿಗೆ ಅದರ ನೆನಪು ಎಳ್ಳಷ್ಟೂ ಇರಲಿಲ್ಲ. ಆ ಹುಡುಗನೇ ಇಂಗ್ಲೆಂಡಿನ ಹೆಸರಾಂತ ಮನಶ್ಚಿಕಿತ್ಸಕರಾದ ಹ್ಯಾರಿ ಗಂಟ್ರಿಪ್. 1901ರಲ್ಲಿ ಹುಟ್ಟಿದ ಅವರು ಮೊದಲು ಪಾದ್ರಿಯಾಗಿ, ಅನಂತರ ಲೀಡ್ಸ್ ವಿಶ್ವವಿದ್ಯಾನಿಲಯದ ಮನೋರೋಗ ವಿಭಾಗದಲ್ಲಿ ಚಿಕಿತ್ಸಕರಾಗಿ, ಉಪನ್ಯಾಸಕರಾಗಿ ಕೆಲಸ ಮಾಡಿದರು. ಬೇರೆಯವರ ಮನಸ್ಸಿನ ಗಂಟುಗಳನ್ನು ಬಿಡಿಸಿದ ಅವರಿಗೆ, ಮರೆತುಹೋದ ಆ ಒಂದು ಗಳಿಗೆಯನ್ನು ಮರಳಿ ಕಾಣಲು ಎಪ್ಪತ್ತರ ಹೊಸ್ತಿಲವರೆಗೆ ಕಾಯಬೇಕಾಯಿತು.

ಆ ತಾಯಿಯ ಕಥೆಯೂ ಸಾಮಾನ್ಯವಾದುದಲ್ಲ. ಹನ್ನೊಂದು ಮಕ್ಕಳಲ್ಲಿ ಹಿರಿಯಳಾಗಿ, ಮದುವೆಗೆ ಮುನ್ನವೇ ತಮ್ಮತಂಗಿಯರನ್ನು ಸಾಕಿ ಸಾಕಾಗಿದ್ದವಳು. ಹ್ಯಾರಿಗೆ ಎದೆಹಾಲು ಕೊಟ್ಟುದು, ಅದರಿಂದ ಮತ್ತೊಂದು ಬಸಿರು ತಪ್ಪಬಹುದೆಂಬ ನಂಬಿಕೆಯಿಂದ. ಪರ್ಸಿಗೆ ಅದೂ ದೊರೆಯಲಿಲ್ಲ. ತಾನು ಮದುವೆಯನ್ನೇ ಆಗಬಾರದಿತ್ತು, ಮಕ್ಕಳನ್ನು ಹೆರಬಾರದಿತ್ತು, ಪ್ರಕೃತಿ ತನ್ನನ್ನು ನಿರ್ಮಿಸಿದ್ದು ವ್ಯಾಪಾರಕ್ಕಾಗಿಯೇ ಎಂದು ಮುಪ್ಪಿನಲ್ಲಿ ಅವಳೇ ಮಗನೊಡನೆ ಹೇಳಿಕೊಂಡಳು. ಅವಳನ್ನು ದೂಷಿಸುವುದು ಸುಲಭ. ಆದರೆ ತನ್ನ ಬಾಲ್ಯವನ್ನೇ ಹತ್ತು ಮಕ್ಕಳಿಗೆ ಹಂಚಿಕೊಟ್ಟವಳ ಕೈಯಲ್ಲಿ ಹನ್ನೊಂದನೆಯ ಮಗುವಿಗಾಗಿ ಏನು ಉಳಿದಿದ್ದೀತು?

ಚಿಕ್ಕಮ್ಮನ ಮನೆಯಿಂದ ಹಿಂದಿರುಗಿದ ಹುಡುಗನು ತಾಯಿಯ ಗಮನವನ್ನು ಗಳಿಸಲು ತನ್ನದೇ ಆದ ದಾರಿಯನ್ನು ಕಂಡುಕೊಂಡನು. ಹೊಟ್ಟೆನೋವು, ಮೈಮೇಲೆ ಬೆವರುಗುಳ್ಳೆ, ಊಟ ಸೇರದಿರುವುದು, ಇದ್ದಕ್ಕಿದ್ದಂತೆ ಏರುವ ಜ್ವರ! ಆಗ ತಾಯಿ ಅಡುಗೆಮನೆಯಲ್ಲಿ ಡೇರೆಯಂತೆ ಬಟ್ಟೆ ಕಟ್ಟಿ ಅವನನ್ನು ಮಲಗಿಸಿ, ಅಂಗಡಿಯಿಂದ ಆಗಾಗ ಒಳಬಂದು ನೋಡಿಹೋಗುತ್ತಿದ್ದಳು. ಐದು ತುಂಬುವ ಹೊತ್ತಿಗೆ ಈ ಉಪಾಯ ಸಾಲದಾಗಿ ಅವನು ಹಟಕ್ಕೆ ತಿರುಗಿದನು. ಅವಳು ಕೆರಳಿ ಹೊಡೆದಳು. ಬೆತ್ತ ಮುರಿದರೆ ಹೊಸ ಬೆತ್ತ ತರಲು ಅಂಗಡಿಗೆ ಹೋಗಬೇಕಾದವನೂ ಅವನೇ. ನೋಡದೆ ಇರುವ ತಾಯಿಗಿಂತ ಹೊಡೆಯುವ ತಾಯಿಯಾದರೂ ಮೇಲಲ್ಲವೆ?

ಬೆಳೆದ ಮೇಲೆ ವಿಚಿತ್ರವಾದ ಕಾಯಿಲೆಯೊಂದು ಅವರನ್ನು ಕಾಡಿತು. 1927ರಲ್ಲಿ ತಮ್ಮನಂತಿದ್ದ ಸಹಪಾಠಿಯೊಬ್ಬನು ಅಗಲಿದಾಗ ಮೈಯೆಲ್ಲ ಸೋತು ಹಾಸಿಗೆ ಹಿಡಿದರು. 1938ರಲ್ಲಿ ಅಂಥದೇ ಸಹೋದ್ಯೋಗಿಯೊಬ್ಬರು ಹೊರಟುಹೋದಾಗ ಮತ್ತೆ ಅದೇ ಬಳಲಿಕೆ. ಆಗೊಂದು ಕನಸು ಬಿತ್ತು: ಗೋರಿಯೊಳಗೆ ಇಳಿದು ನೋಡಿದರೆ, ಜೀವಂತವಾಗಿ ಹೂಳಲ್ಪಟ್ಟ ಒಬ್ಬ ಮನುಷ್ಯ. ಹೊರಬರಲು ಯತ್ನಿಸಿದ ಅವನನ್ನು ರೋಗದ ಬೆದರಿಕೆ ಹಾಕಿ ಒಳಗೇ ತಳ್ಳಿ, ಬೀಗ ಜಡಿದು, ಗಂಟ್ರಿಪ್ ಓಡಿಬಂದರು.

1950ರ ದಶಕದಲ್ಲಿ ಅವರು ಎಡಿನ್‌ಬರೋ ನಗರದ ರೊನಾಲ್ಡ್ ಫೇರ್‌ಬೇರ್ನ್ ಅವರಲ್ಲಿ ಚಿಕಿತ್ಸೆಗೆ ತೊಡಗಿದರು. ಮನುಷ್ಯನ ಮೂಲಪ್ರೇರಣೆ ಸುಖವನ್ನು ಅರಸುತ್ತದೆಂಬ ಫ್ರಾಯ್ಡ್ ಮತವನ್ನು ಫೇರ್‌ಬೇರ್ನ್ ಒಪ್ಪಲಿಲ್ಲ. ಶಿಶು ಅರಸುವುದು ಸುಖವನ್ನಲ್ಲ, ಒಬ್ಬ ವ್ಯಕ್ತಿಯನ್ನು ಎಂದರು. ಆ ವ್ಯಕ್ತಿ ಕಠಿನಳಾದರೆ ಮಗು ಏನು ಮಾಡೀತು? ತಾಯಿ ಕೆಟ್ಟವಳೆಂದು ನಂಬಿ ಬದುಕುವುದು ಅದಕ್ಕೆ ಅಸಾಧ್ಯ. ಆದುದರಿಂದ ಅವಳ ಕೆಡುಕನ್ನು ತನ್ನೊಳಕ್ಕೆ ತೆಗೆದುಕೊಂಡು, ಕೆಟ್ಟವನು ತಾನೇ ಎಂದುಕೊಳ್ಳುತ್ತದೆ. ಹೊರಗಿನ ತಾಯಿ ಮುದುಕಿಯಾಗಿ ತೀರಿಕೊಂಡರೂ ಒಳಗೆ ಕುಳಿತವಳಿಗೆ ಮುಪ್ಪಿಲ್ಲ. ಚಿಕಿತ್ಸೆಯಲ್ಲಿ ರೋಗಿಯು ಅದೇ ತಾಯಿಯನ್ನು ವೈದ್ಯರಲ್ಲಿ ಕಾಣತೊಡಗುತ್ತಾನೆ. ಹಳೆಯ ಕದನ ಹೊಸ ಕೋಣೆಯಲ್ಲಿ ಮತ್ತೆ ನಡೆಯುತ್ತದೆ.

ಹಾಗೆಯೇ ನಡೆಯಿತು. ಸಾವಿರಕ್ಕೂ ಮಿಕ್ಕ ಭೇಟಿಗಳಲ್ಲಿ ಬೆತ್ತದ ತಾಯಿಯ ಕಥೆಯೆಲ್ಲ ಬಯಲಿಗೆ ಬಂತು. ಆದರೆ ಅದರ ಹಿಂದಿದ್ದ ಕೋಣೆಯ ಬಾಗಿಲು ತೆರೆಯಲಿಲ್ಲ. ವ್ಯಕ್ತಿಸಂಬಂಧವೇ ಸರ್ವಸ್ವವೆಂದು ಬರೆದ ಫೇರ್‌ಬೇರ್ನ್, ಚಿಕಿತ್ಸೆಯ ಹೊತ್ತಿನಲ್ಲಿ ದೊಡ್ಡ ಮೇಜಿನ ಹಿಂದೆ ಕುಳಿತು ಬಿಗುವಾಗಿ ಅರ್ಥ ವಿವರಿಸುತ್ತಿದ್ದರು. ಚಿಕಿತ್ಸೆ ಮುಗಿದ ಮೇಲೆ ಸಿದ್ಧಾಂತವನ್ನು ಚರ್ಚಿಸುವಾಗ ಮಾತ್ರ ಆತ್ಮೀಯರಾಗುತ್ತಿದ್ದರು. ಫ್ಲೂ ಜ್ವರದಿಂದ ಸಾವಿನ ಅಂಚಿಗೆ ಹೋಗಿ, ಹಲವು ತಿಂಗಳ ಬಳಿಕ ಹಿಂದಿರುಗಿದಾಗ ಅವರೊಂದು ಸೂಕ್ಷ್ಮವನ್ನು ಕಂಡರು: ಈಗ ತಾವು ಗಂಟ್ರಿಪ್ಪರ ಪಾಲಿಗೆ ತಂದೆಯೂ ಅಲ್ಲ, ತಾಯಿಯೂ ಅಲ್ಲ; ಕಣ್ಣೆದುರಿಗೆ ಸಾಯುತ್ತಿರುವ ತಮ್ಮ. ಕೊನೆಯ ಭೇಟಿಯ ದಿನ ಹೊರಡುವಾಗ, ಇಷ್ಟು ವರ್ಷಗಳಲ್ಲಿ ತಾವಿಬ್ಬರೂ ಒಮ್ಮೆಯೂ ಕೈಕುಲುಕಿಲ್ಲವೆಂಬುದು ಗಂಟ್ರಿಪ್ಪರಿಗೆ ಹೊಳೆಯಿತು. ಕೈ ಚಾಚಿದರು. ಆ ಬಿಗುವಿನ ವೈದ್ಯರ ಕೆನ್ನೆಯ ಮೇಲೆ ಕಣ್ಣೀರು ಇಳಿಯಿತು.

1960ರ ದಶಕದಲ್ಲಿ ಗಂಟ್ರಿಪ್ ಲಂಡನ್ನಿನ ಡೊನಾಲ್ಡ್ ವಿನಿಕಾಟ್ ಅವರನ್ನು ಕಂಡರು. ವಿನಿಕಾಟ್ ಶಿಶುವೈದ್ಯರು, ಪ್ಯಾಡಿಂಗ್ಟನ್ ಗ್ರೀನ್ ಮಕ್ಕಳ ಆಸ್ಪತ್ರೆಯಲ್ಲಿ ಸುಮಾರು ನಲವತ್ತು ವರ್ಷ ತಾಯಂದಿರನ್ನೂ ಕೂಸುಗಳನ್ನೂ ಒಟ್ಟಿಗೆ ನೋಡಿದವರು. ಗಂಟ್ರಿಪ್ ಬಿಡುವಿಲ್ಲದೆ ಮಾತನಾಡುತ್ತಿದ್ದರು. ಒಮ್ಮೆ ವಿನಿಕಾಟ್, ತಮಗೆ ಹೇಳತಕ್ಕದ್ದೇನೂ ಇನ್ನೂ ಇಲ್ಲ, ಆದರೆ ಏನಾದರೂ ಹೇಳದಿದ್ದರೆ ತಾವು ಇಲ್ಲಿಲ್ಲವೆಂದು ನಿಮಗೆ ಅನ್ನಿಸಬಹುದು ಎಂದರು. ಅಷ್ಟೇ. ಯಾವ ವಿವರಣೆಯೂ ತಟ್ಟದ ಜಾಗವನ್ನು ಆ ಮಾತು ತಟ್ಟಿತು. ಸುಮ್ಮನಾದರೆ ತಾಯಿ ತನ್ನನ್ನು ಮರೆತುಬಿಡುವಳು, ತಾನು ಇಲ್ಲವಾಗುವೆನು ಎಂಬ ಭಯದಿಂದ ಜೀವಮಾನವೆಲ್ಲ ದುಡಿದ, ಮಾತನಾಡಿದ ಮನುಷ್ಯನು ಇವನೆಂದು ವಿನಿಕಾಟ್ ಅರಿತಿದ್ದರು. ಪೆಟ್ಟು ಬಿದ್ದುದು ಪರ್ಸಿಯ ಸಾವಿನಿಂದಲ್ಲ, ಅದಕ್ಕೂ ಮುಂಚೆ. ತಾಯಿ ಎದುರಿಗಿದ್ದೂ ಇಲ್ಲದವಳಾದಾಗ. ತಮ್ಮನಿದ್ದಷ್ಟು ಕಾಲ ಅವನಾದರೂ ಜೊತೆಗಿದ್ದನು.

ಈ ಭೇಟಿಗಳು ನೂರೈವತ್ತರಷ್ಟು ಮಾತ್ರ, 1968ಕ್ಕೆ ಮುಗಿದವು. 1971ರ ಜನವರಿಯಲ್ಲಿ ವಿನಿಕಾಟ್ ತೀರಿಕೊಂಡರೆಂದು ದೂರವಾಣಿಯಲ್ಲಿ ಸುದ್ದಿ ಬಂತು. ಹಿಂದಿನ ಅನುಭವದಂತೆ ಗಂಟ್ರಿಪ್ ಕುಸಿಯಬೇಕಾಗಿತ್ತು. ಕುಸಿಯಲಿಲ್ಲ. ಅದೇ ರಾತ್ರಿ ಕನಸಿನಲ್ಲಿ ತಾಯಿ ಕಂಡಳು: ಕಪ್ಪಗೆ, ಅಲುಗಾಡದೆ, ಶೂನ್ಯವನ್ನು ದಿಟ್ಟಿಸುತ್ತ, ಪಕ್ಕದಲ್ಲಿ ನಿಂತ ಮಗನ ಪರಿವೆಯೇ ಇಲ್ಲದವಳಾಗಿ. ಹಿಂದಿನ ಕನಸುಗಳಲ್ಲೆಲ್ಲ ಅವಳು ಮೇಲೆರಗಿ ಬರುತ್ತಿದ್ದವಳು. ಮುಂದಿನ ವಾರಗಳಲ್ಲಿ ಕನಸುಗಳು ಒಂದೊಂದಾಗಿ ಹಿಂದಕ್ಕೆ, ಇನ್ನೂ ಹಿಂದಕ್ಕೆ ಸರಿದವು. ಕೊನೆಗೆ ಆ ಕೋಣೆ ತೆರೆಯಿತು. ಮಡಿಲಲ್ಲಿ ಪರ್ಸಿ. ಮಡಿಲೇನೋ ಇತ್ತು, ಆ ಹೆಂಗಸಿಗೆ ಮುಖವಿರಲಿಲ್ಲ, ತೋಳಿರಲಿಲ್ಲ, ಮೊಲೆಯಿರಲಿಲ್ಲ. ತುಟಿಯ ಅಂಚು ಕೆಳಗಿಳಿದು ಮಂಕಾಗಿದ್ದ ಮಗುವನ್ನು ನಗಿಸಲು ಹುಡುಗನು ಯತ್ನಿಸುತ್ತಿದ್ದನು.

ವೈದ್ಯರು ಸತ್ತ ಮೇಲೆ ಬಾಗಿಲು ತೆರೆದುದೇಕೆ? ಆ ಖಾಲಿ ಕೋಣೆಯೊಳಕ್ಕೆ ವಿನಿಕಾಟ್ ತಮ್ಮೊಡನೆ ಬಂದು ನಿಂತಿದ್ದರು, ಅವರ ಸಾವೂ ಅವರನ್ನು ಅಲ್ಲಿಂದ ಕದಲಿಸಲಾಗಲಿಲ್ಲ, ಆದುದರಿಂದಲೇ ಅದನ್ನು ನೋಡುವ ಧೈರ್ಯ ತಮಗೆ ಬಂತು ಎಂಬುದು ಗಂಟ್ರಿಪ್ಪರ ಉತ್ತರ. ಇದು ಒಬ್ಬನೇ ಮನುಷ್ಯನ ಸಾಕ್ಷ್ಯ. ಅದೂ ತನ್ನ ವಿಷಯವನ್ನು ತಾನೇ ಬರೆದದ್ದು. ಆ ಶಾಸ್ತ್ರದಲ್ಲಿ ಪಳಗಿದವನ ಕನಸು ಶಾಸ್ತ್ರಕ್ಕೆ ಒಪ್ಪುವಂತೆಯೇ ಬಿದ್ದೀತೆಂದು ಸಂದೇಹಿಸುವವರನ್ನು ತಪ್ಪೆನ್ನಲಾಗದು. ಎಪ್ಪತ್ತು ವರ್ಷದ ವೃದ್ಧನ ಬಳಲಿಕೆಯನ್ನು ತೂಗಿನೋಡುವ ತಕ್ಕಡಿಯೂ ಇಲ್ಲ. ಆದರೆ ಅವರು ಪ್ರತಿ ಭೇಟಿಯ ವಿವರವನ್ನೂ ಬರೆದಿಟ್ಟುಕೊಂಡಿದ್ದರು. ಫೇರ್‌ಬೇರ್ನರ ಋಣವನ್ನೂ ಅಲ್ಲಗಳೆಯಲಿಲ್ಲ. ಆ ಟಿಪ್ಪಣಿಗಳಿಂದ ಸಿದ್ಧವಾದ ಅವರ ಲೇಖನ 1975ರಲ್ಲಿ ಅಚ್ಚಾಯಿತು. ಅದೇ ವರ್ಷ ಗಂಟ್ರಿಪ್ ತೀರಿಕೊಂಡರು.