ಕೈ ಬಿಸಿ ಬಾಕಿ ಇದೆ

ಮಂಗಳವಾರ ಬೆಳಗ್ಗೆ ಹನ್ನೊಂದೂಕಾಲಿಗೆ ನಮ್ಮ ಊಟದ ಮೇಜಿನ ಮೇಲೆ ಎರಡು ಫೋನುಗಳು ಎದುರುಬದುರು ಕೂತಿದ್ದವು. ಒಂದು ನನ್ನದು, ಸ್ಪೀಕರ್ ಹಾಕಿದ್ದು. ಇನ್ನೊಂದು ಮನೆಯವಳದು, ಅದರಲ್ಲಿ ಕೇಳಿದ ಮಾತನ್ನು ಅಕ್ಷರ ಮಾಡಿ ತೋರಿಸುವ ಆ್ಯಪ್. ನಡುವೆ ಒಗ್ಗರಣೆ ಅವಲಕ್ಕಿಯ ತಟ್ಟೆ, ಅದು ಆಗಲೇ ಆರಿ ತಣ್ಣಗಾಗಿತ್ತು. ಬ್ಯಾಂಕಿನ ಹುಡುಗಿ ಆ ಕಡೆಯಿಂದ ಏನೋ ಹೇಳಿದಳು. ನಾನು ಮನೆಯವಳ ಫೋನಿನತ್ತ ಬಗ್ಗಿ ನೋಡಿದೆ. ‘ಸರ್ ನಿಮ್ಮ ಕೈ ಬಿಸಿ ಬಾಕಿ ಇದೆ’ ಎಂದು ಬಂದಿತ್ತು.

ಕೆವೈಸಿ ಎಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ಮುಂದಿನ ಸಾಲು ಬಂತು: ‘ಈ ತಿಂಗಳೊಳಗೆ ಮಾಡಿಸದಿದ್ದರೆ ನಿಮ್ಮ ಕತೆ ನಿಂತು ಹೋಗುತ್ತೆ.’ ಖಾತೆ ಇರಬೇಕು. ಅದರ ಬೆನ್ನಿಗೇ ‘ಈಗ ಟೋಪಿ ಬರುತ್ತೆ, ಯಾರಿಗೂ ಹೇಳಬೇಡಿ’. ಇದನ್ನು ಓದಿ ಮನೆಯವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಓಡಿದಳು. ನನಗೆ ನಗು ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ನಾನು ನಗುತ್ತಿರುವಾಗ ಆ ಹುಡುಗಿ ಇನ್ನೇನೋ ಕೇಳಿ, ಉತ್ತರಕ್ಕೆ ಕಾದು, ಮತ್ತೆ ಕೇಳಿ, ‘ಹಲೋ ಹಲೋ’ ಅನ್ನುತ್ತಿದ್ದಳು.

1600ರಿಂದ ಶುರುವಾಗುವ ನಂಬರು, ಹಾಗಾಗಿ ಬ್ಯಾಂಕಿನದೇ ಎಂದು ಧೈರ್ಯವಿತ್ತು. ‘ನನಗೆ ಫೋನಿನಲ್ಲಿ ಸರಿಯಾಗಿ ಕೇಳಿಸುವುದಿಲ್ಲಮ್ಮ. ಕೇಳಬೇಕಾದ್ದನ್ನೆಲ್ಲ ಮೆಸೇಜ್ ಮಾಡಿ, ಉತ್ತರ ಬರೆದು ಕಳಿಸುತ್ತೇನೆ’ ಅಂದೆ. ‘ಆ ತರ ಪ್ರೊಸೀಜರ್ ಇಲ್ಲ ಸರ್’ ಎಂದು ಉತ್ತರ ಬಂತು. ಇಡೀ ಸಂಭಾಷಣೆಯಲ್ಲಿ ಆ್ಯಪ್ ಒಂದಕ್ಷರ ತಪ್ಪದೆ ಬರೆದದ್ದು ಇದೊಂದು ವಾಕ್ಯ. ಹೆಂಡತಿಗೆ ಫೋನ್ ಕೊಡುತ್ತೇನೆ ಅಂದರೆ ಅದೂ ಆಗದಂತೆ, ಖಾತೆದಾರರೇ ಮಾತಾಡಬೇಕಂತೆ. ಕೊನೆಗೆ ಆ ಹುಡುಗಿ ಎಲ್ಲರೂ ಮಾಡುವುದನ್ನೇ ಮಾಡಿದಳು. ಕೂಗಿದಳು. ಪಾಪ, ಅವಳನ್ನು ಬೈದು ಫಲವಿಲ್ಲ. ಎದುರಿಗೆ ಒಂದು ಪರದೆ, ಅದರಲ್ಲಿ ಬರೆದಿಟ್ಟ ಪ್ರಶ್ನೆಗಳು, ಬೆನ್ನ ಹಿಂದೆ ಗಡಿಯಾರ ಹಿಡಿದ ಮೇಲಧಿಕಾರಿ. ಗಮನಿಸಿ: ಆ ಪ್ರಶ್ನೆಗಳು ಅವಳ ಮುಂದೆ ಅಕ್ಷರದಲ್ಲೇ ಇವೆ. ಅವಳು ಅವನ್ನು ಓದಿ ದನಿ ಮಾಡುತ್ತಾಳೆ, ನಾನು ಆ ದನಿಯನ್ನು ಇನ್ನೊಂದು ಯಂತ್ರದ ಬಾಯಿಗೆ ಹಾಕಿ ಮತ್ತೆ ಅಕ್ಷರ ಮಾಡಿಕೊಳ್ಳುತ್ತೇನೆ. ಈ ನಡುವೆ ಕೆವೈಸಿ ಹೋಗಿ ಕೈ ಬಿಸಿಯಾಗುತ್ತದೆ.

ಕೂಗಿದರೆ ಯಾಕೆ ಪ್ರಯೋಜನವಿಲ್ಲ ಎಂದು ಒಮ್ಮೆ ಹೇಳಿಬಿಡುತ್ತೇನೆ, ಮನೆಯಲ್ಲಿ ವಯಸ್ಸಾದವರಿದ್ದರೆ ನಿಮಗೂ ಉಪಯೋಗಕ್ಕೆ ಬರುತ್ತದೆ. ಆರು ವರ್ಷದ ಹಿಂದೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿದೆ. ಗಾಜಿನ ಕೋಣೆಯೊಳಗೆ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿಸಿದಾಗಲೆಲ್ಲ ಕೈಯೆತ್ತಿ ಅಂದರು. ನಾನು ಎತ್ತದೆ ಬಿಟ್ಟ ಕಡೆಗಳೇ ಜಾಸ್ತಿ. ಕೊನೆಗೆ ಕೊಟ್ಟ ನಕ್ಷೆಯಲ್ಲಿ ಗೆರೆ ಎಡಗಡೆ ಮಟ್ಟಸವಾಗಿ ಹೊರಟು ಬಲಕ್ಕೆ ಹೋಗುತ್ತಾ ಚಾಮುಂಡಿ ಬೆಟ್ಟದ ಮೆಟ್ಟಿಲಿನಂತೆ ಇಳಿದಿತ್ತು. ಅರ್ಥವಿಷ್ಟೇ. ದಪ್ಪ ದನಿಗಳು, ಸ್ವರಗಳು ಕೇಳಿಸುತ್ತವೆ. ಸ, ಶ, ಫ ಇಂಥ ಸಣ್ಣ ದನಿಯ ವ್ಯಂಜನಗಳು ಜಾರಿಹೋಗುತ್ತವೆ. ಯಾರೋ ಮಾತಾಡುತ್ತಿದ್ದಾರೆ ಎಂದು ಚೆನ್ನಾಗಿ ತಿಳಿಯುತ್ತದೆ, ಏನು ಮಾತಾಡುತ್ತಿದ್ದಾರೆ ಎಂದು ತಿಳಿಯುವುದಿಲ್ಲ. ಇನ್ನು ಹಳೆಯ ದೂರವಾಣಿ ವ್ಯವಸ್ಥೆ ಸಾಗಿಸುವುದೇ ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ದನಿಯನ್ನು. ಸಕಾರದ ಬಲವೆಲ್ಲ ಇರುವುದು ಅದಕ್ಕಿಂತ ಮೇಲೆ. ನನ್ನ ಕಿವಿ ಕೈಬಿಟ್ಟಿದ್ದನ್ನೇ ಫೋನೂ ಕೈಬಿಡುತ್ತದೆ. ಎದುರಿಗೆ ಕೂತರೆ ತುಟಿ ನೋಡಿ, ಮುಖ ನೋಡಿ, ಸಂದರ್ಭ ನೋಡಿ ತೂಗಿಸುತ್ತೇನೆ. ಫೋನಿಗೆ ತುಟಿಯಿಲ್ಲ. ಐವತ್ತೋ ಎಪ್ಪತ್ತೋ, ಏಳೋ ಏಳ್ನೂರೋ ದೇವರಿಗೇ ಗೊತ್ತು. ಕೂಗಿದರೆ ದಪ್ಪ ದನಿ ಇನ್ನಷ್ಟು ದಪ್ಪವಾಗುತ್ತದೆ, ಅಷ್ಟೆ.

ನನ್ನ ಕಿವಿಯ ನಷ್ಟ 55 ಡೆಸಿಬೆಲ್. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ 60ರಿಂದ 70 ಆದರೆ ಮಂದ ಶ್ರವಣ, 70 ಆದಮೇಲೆ ಕಿವುಡು. ಕಾನೂನಿನ ಲೆಕ್ಕದಲ್ಲಿ ನನ್ನ ಕಿವಿ ಸರಿಯಾಗಿದೆ. ಬ್ಯಾಂಕಿನ ಲೆಕ್ಕದಲ್ಲೂ ಸರಿಯಾಗಿದೆ. ಕೆಟ್ಟಿರುವುದು ನನ್ನ ಲೆಕ್ಕದಲ್ಲಿ ಮಾತ್ರ.

ಸಂಜೆ ಮಗ ಬಂದ. ‘ಅಪ್ಪ, ಎರಡು ಫೋನು ಯಾಕೆ? ಫೋನೊಳಗೇ ಕ್ಯಾಪ್ಷನ್ ಬರುತ್ತಲ್ಲ’ ಎಂದು ಸೆಟ್ಟಿಂಗ್ಸ್ ತೆರೆದ. ನಿಜ, ಇದೆ. ಗೂಗಲ್‌ನವರದು, ಲೈವ್ ಕ್ಯಾಪ್ಷನ್ ಎಂದು ಅದರ ಹೆಸರು; 2019ರಲ್ಲಿ ಬಂದಿದ್ದು, ಆಮೇಲೆ ಕರೆಗಳಿಗೂ ವಿಸ್ತರಿಸಿದರು. ಐಫೋನಿನವರೂ 2022ರಲ್ಲಿ ಅಂಥದ್ದೇ ತಂದರು. ಮಾತಾಡುತ್ತಿದ್ದ ಹಾಗೇ ಸಿನಿಮಾದ ಸಬ್‌ಟೈಟಲ್‌ನಂತೆ ಕೆಳಗೆ ಅಕ್ಷರ ಓಡುತ್ತದೆ. ಮಗ ಭಾಷೆಗಳ ಪಟ್ಟಿ ತೆರೆದ. ಇಂಗ್ಲಿಷ್, ಫ್ರೆಂಚ್, ಜರ್ಮನ್, ಇಟಾಲಿಯನ್, ಜಪಾನೀಸ್, ಸ್ಪ್ಯಾನಿಷ್, ಇನ್ನೂ ಏನೇನೋ. ಅವನ ಬೆರಳು ಕೆಳಕ್ಕೆ ಸರಿಯುತ್ತಲೇ ಇತ್ತು, ಪಟ್ಟಿ ಮುಗಿದುಹೋಯಿತು.

ಈ ಅಂಕಣದ ಹಳೆಯ ಓದುಗರು ಇಷ್ಟು ಹೊತ್ತಿಗೆ ನಿಟ್ಟುಸಿರು ಬಿಟ್ಟಿರುತ್ತಾರೆ: ಶುರುವಾಯಿತು ಇವನದು. ಹೌದು ಸ್ವಾಮಿ, ಶುರುವಾಯಿತು. ಎಲ್ಲಿ ಭಾಷೆಗಳ ಪಟ್ಟಿ ಕಂಡರೂ ಕನ್ನಡ ಇದೆಯೇ ಎಂದು ಹುಡುಕುವುದು ನನಗೆ ಹಿಡಿದ ಹುಚ್ಚು. ಎಟಿಎಂನಲ್ಲಿ ಹುಡುಕಿದ್ದೇನೆ, ವಿಮಾನದ ಸೀಟಿನ ಬೆನ್ನಿನ ಟೀವಿಯಲ್ಲಿ ಹುಡುಕಿದ್ದೇನೆ, ವಾಷಿಂಗ್ ಮೆಷಿನ್ನಿನ ಕೈಪಿಡಿಯಲ್ಲಿ ಹುಡುಕಿ ಬೈಸಿಕೊಂಡಿದ್ದೇನೆ. 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿ ಎಂದು ಬರೆಸಿದವರು 4 ಕೋಟಿ 37 ಲಕ್ಷ. ಇಷ್ಟು ಜನರಲ್ಲಿ ಕಿವಿ ಮಂದವಾದ ಮುದುಕರು ಯಾರೂ ಇಲ್ಲವೇ, ಇದ್ದರೂ ಅವರು ಫೋನಿನಲ್ಲಿ ಜರ್ಮನ್ ಮಾತಾಡುತ್ತಾರೆಯೇ? ಕನ್ನಡ ಯಂತ್ರಕ್ಕೆ ಬರುವುದೇ ಇಲ್ಲ ಅನ್ನುವ ಹಾಗೂ ಇಲ್ಲ. ನನ್ನ ಊಟದ ಮೇಜಿನ ಆ್ಯಪ್ ಗೂಗಲ್‌ನದೇ, ಲೈವ್ ಟ್ರಾನ್ಸ್‌ಕ್ರೈಬ್. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಡಿಮಿಟ್ರಿ ಕನೆವ್‌ಸ್ಕಿ ಸ್ವತಃ ಕಿವುಡರು. ಅದಕ್ಕೆ ಕನ್ನಡ ಬರುತ್ತದೆ. ಟೋಪಿ ಹಾಕುವಷ್ಟು ಬರುತ್ತದೆ.

‘ಹಾಗಾದರೆ ಬೇರೆ ಯಾರಾದರೂ ಕನ್ನಡದ್ದು ಮಾಡಿ ಕರೆಗೆ ಜೋಡಿಸಬಹುದಲ್ಲ’ ಎಂದು ಮಗನನ್ನು ಕೇಳಿದೆ. ಆಗುವುದಿಲ್ಲವಂತೆ. ಗುಟ್ಟಾಗಿ ಕರೆ ರೆಕಾರ್ಡ್ ಮಾಡುವವರ ಕಾಟ ತಪ್ಪಿಸಲು, ಹೊರಗಿನ ಆ್ಯಪ್‌ಗಳಿಗೆ ಕರೆಯೊಳಗಿನ ದನಿ ಸಿಗದ ಹಾಗೆ ಬೀಗ ಹಾಕಿದ್ದಾರೆ. ಒಳ್ಳೆಯದೇ. ಆದರೆ ಬೀಗದ ಕೈ ಇಟ್ಟುಕೊಂಡವರ ಪಟ್ಟಿಯಲ್ಲಿ ಕನ್ನಡ ಇಲ್ಲ, ಕನ್ನಡ ಮಾಡಬಲ್ಲವರಿಗೆ ಬೀಗದ ಕೈ ಇಲ್ಲ. ಹಾಗಾಗಿ ಎರಡು ಫೋನು, ಒಂದು ತಟ್ಟೆ ಅವಲಕ್ಕಿ.

ನಮ್ಮಣ್ಣ ನ್ಯೂಜೆರ್ಸಿಯಲ್ಲಿ ಮಗನ ಮನೆಯಲ್ಲಿದ್ದಾನೆ. ಕಿವಿ ನಮ್ಮ ವಂಶದ ಆಸ್ತಿ, ಅವನಿಗೆ ನನಗಿಂತ ಜಾಸ್ತಿ ಪಾಲು ಬಂದಿದೆ. ಅವನ ಕೋಣೆಯಲ್ಲೊಂದು ಟೆಲಿಫೋನು, ನೋಡಲು ನಮ್ಮ ಹಳೆಯ ಲ್ಯಾಂಡ್‌ಲೈನ್ ಥರವೇ, ಆದರೆ ಅಂಗೈಯಗಲದ ಪರದೆ ಇದೆ. ಆ ಕಡೆಯವರು ಮಾತಾಡಿದ್ದು ದಪ್ಪಕ್ಷರದಲ್ಲಿ ಬರುತ್ತಾ ಹೋಗುತ್ತದೆ. ಈ ಸೇವೆಗೆ ಅವನು ಒಂದು ಪೈಸೆ ಕೊಡುವುದಿಲ್ಲ. ಅಲ್ಲಿ ದೂರವಾಣಿ ಕಂಪನಿಗಳೆಲ್ಲ ಸೇರಿ ತುಂಬುವ ನಿಧಿಯೊಂದಿದೆ. ಕ್ಯಾಪ್‌ಟೆಲ್, ಕ್ಯಾಪ್ಷನ್‌ಕಾಲ್, ಇನ್ನೋಕ್ಯಾಪ್ಷನ್ ಅಂಥ ಸೇವೆಗಳಿಗೆ ದುಡ್ಡು ಅಲ್ಲಿಂದ ಹೋಗುತ್ತದೆ. 1990ರ ಅವರ ಅಂಗವಿಕಲರ ಕಾಯ್ದೆಯಿಂದ ಹುಟ್ಟಿದ ಏರ್ಪಾಡು ಇದು. ಕಿವಿ ಕೇಳದವನೂ ಫೋನಿನ ಗಿರಾಕಿಯೇ, ಅವನಿಗೆ ಮಾತು ತಲುಪಿಸುವುದು ಫೋನಿನವರ ಕೆಲಸ ಎಂಬ ಸರಳ ತರ್ಕ.

ಅಮೆರಿಕವನ್ನು ಹೊಗಳಿ ಕೂರುವ ಜಾಯಮಾನ ನನ್ನದಲ್ಲ, ಅದಕ್ಕೆ ಇದನ್ನೂ ಹೇಳುತ್ತೇನೆ. ಕಳೆದ ತಿಂಗಳು ಅಮ್ಮನ ತಿಥಿ ವಿಚಾರಕ್ಕೆ ಅಣ್ಣನಿಗೆ ಫೋನ್ ಮಾಡಿದೆ. ಕನ್ನಡದಲ್ಲಿ ಎರಡು ಮಾತಾಡುವಷ್ಟರಲ್ಲಿ ‘ಲೋ, ಯಾರೋ ಬೇರೆ ಭಾಷೆಯಲ್ಲಿ ಮಾತಾಡುತ್ತಿದ್ದಾರೆ ಅಂತ ಬರ್ತಿದೆ ಕಣೋ ಇಲ್ಲಿ, ಇಂಗ್ಲಿಷಲ್ಲಿ ಹೇಳು’ ಅಂದ. ಎಪ್ಪತ್ತು ದಾಟಿದ ಅಣ್ಣ, ಅರವತ್ತು ದಾಟಿದ ತಮ್ಮ. ಹುಟ್ಟಿದಾಗಿನಿಂದ ಒಬ್ಬರಿಗೊಬ್ಬರು ಇಂಗ್ಲಿಷಿನಲ್ಲಿ ಒಂದು ಮಾತು ಆಡಿದವರಲ್ಲ. ಅಮ್ಮನ ತಿಥಿಯನ್ನು ನಾನು ‘ಡೆತ್ ಆ್ಯನಿವರ್ಸರಿ’ ಅಂದೆ, ಪುರೋಹಿತರನ್ನು ‘ಪ್ರೀಸ್ಟ್’ ಅಂದೆ. ಪಿಂಡಕ್ಕೆ ಇಂಗ್ಲಿಷಿನಲ್ಲಿ ಏನನ್ನಬೇಕೆಂದು ತಿಳಿಯದೆ ‘ರೈಸ್ ಬಾಲ್’ ಅಂದೆ. ಫೋನಿಟ್ಟ ಮೇಲೆ ಸ್ವಲ್ಪ ಹೊತ್ತು ಯಾರ ಹತ್ತಿರವೂ ಮಾತಾಡಬೇಕು ಅನಿಸಲಿಲ್ಲ.

ನಮ್ಮಲ್ಲಿ ಅಂಥ ನಿಧಿ ಇಲ್ಲವೇ? ಇದೆ! ಅದೇ ನನ್ನ ಸಿಟ್ಟಿಗೆ ಕಾರಣ. ಟೆಲಿಕಾಂ ಕಂಪನಿಗಳು ತಮ್ಮ ಆದಾಯದ ಶೇ 5ರಷ್ಟನ್ನು ಸರ್ಕಾರದ ನಿಧಿಯೊಂದಕ್ಕೆ ಕಟ್ಟುತ್ತವೆ. 2002ರಿಂದ ಇರುವ ಪದ್ಧತಿ. ಹಿಂದೆ ಯುಎಸ್‌ಒ ನಿಧಿ ಅನ್ನುತ್ತಿದ್ದರು, ಈಗ ಡಿಜಿಟಲ್ ಭಾರತ್ ನಿಧಿ ಎಂದು ಹೆಸರು ಬದಲಾಗಿದೆ. 2024ರ ಅದರ ನಿಯಮಗಳಲ್ಲಿ ಅಂಗವಿಕಲರಿಗೆ ಸೌಲಭ್ಯ ಒದಗಿಸುವ ಮಾತೂ ಇದೆ. ಅನುವಾದ ಮಾಡುವ, ಮಾತನ್ನು ಅಕ್ಷರ ಮಾಡುವ ತಂತ್ರಜ್ಞಾನಗಳಿಗೆಂದು 2022ರಲ್ಲಿ ಸರ್ಕಾರದ್ದೇ ‘ಭಾಷಿಣಿ’ ಯೋಜನೆ ಶುರುವಾಗಿದೆ, ಅದರಲ್ಲಿ ಕನ್ನಡವೂ ಇದೆ. ದುಡ್ಡು ಒಂದು ಕಪಾಟಿನಲ್ಲಿ, ಯಂತ್ರ ಇನ್ನೊಂದು ಕಪಾಟಿನಲ್ಲಿ. ಅಂದಹಾಗೆ ಸುಪ್ರೀಂ ಕೋರ್ಟು 2025ರ ಏಪ್ರಿಲ್‌ನಲ್ಲಿ ಇದೇ ಕೆವೈಸಿ ವಿಚಾರದಲ್ಲಿ ಇಪ್ಪತ್ತು ನಿರ್ದೇಶನ ಕೊಟ್ಟಿತು. ಆ್ಯಸಿಡ್ ದಾಳಿಯಲ್ಲಿ ಕಣ್ಣು ಮಿಟುಕಿಸುವ ಶಕ್ತಿ ಕಳೆದುಕೊಂಡವರಿಗೆ ‘ಕಣ್ಣು ಮಿಟುಕಿಸಿ’ ಎಂದು ಕೇಳುತ್ತಿದ್ದ ವ್ಯವಸ್ಥೆಯನ್ನು ಪ್ರಶ್ನಿಸಿದ ಪ್ರಕರಣ ಅದು. ಕಿವಿ ಮಂದವಾದವನಿಗೆ ‘ಕೇಳಿಸಿಕೊಂಡು ಹೇಳಿ’ ಅನ್ನುವುದು ಅದರ ತಮ್ಮನಲ್ಲದೆ ಇನ್ನೇನು?

ಟೆಲಿಫೋನ್ ಎಂಬ ವಸ್ತುವೇ ಹೀಗೆ, ಹುಟ್ಟುವಾಗಲೇ ಶಾಪ ಹೊತ್ತು ಬಂದದ್ದು. 1876ರಲ್ಲಿ ಅದಕ್ಕೆ ಪೇಟೆಂಟ್ ಪಡೆದ ಅಲೆಕ್ಸಾಂಡರ್ ಗ್ರಹಾಂ ಬೆಲ್‌ನ ತಾಯಿಗೆ ಕಿವಿ ಕೇಳುತ್ತಿರಲಿಲ್ಲ. ಹೆಂಡತಿ ಮೇಬಲ್‌ಗೂ ಕೇಳುತ್ತಿರಲಿಲ್ಲ. ಐದನೆಯ ವಯಸ್ಸಿನಲ್ಲಿ ಜ್ವರ ಬಂದು ಶ್ರವಣ ಹೋಗಿತ್ತು. ಬೆಲ್‌ನ ಹೊಟ್ಟೆಪಾಡಿನ ಕೆಲಸವೇ ಕಿವುಡ ಮಕ್ಕಳಿಗೆ ಪಾಠ ಹೇಳುವುದು. ಸನ್ನೆ ಭಾಷೆ ಬೇಡ ಎಂದು ಹಟ ಹಿಡಿದವನೆಂದು ಕಿವುಡರಲ್ಲಿ ಅನೇಕರಿಗೆ ಇಂದಿಗೂ ಅವನ ಮೇಲೆ ಮುನಿಸಿದೆ, ಅದು ಬೇರೆ ಕತೆ. ಅಂಥವನು ಲೋಕಕ್ಕೆ ಕೊಟ್ಟುಹೋದದ್ದು ತನ್ನ ಹೆಂಡತಿ ಬಳಸಲಾಗದ ಯಂತ್ರ. 1922ರ ಆಗಸ್ಟಿನಲ್ಲಿ ಅವನ ಅಂತ್ಯಕ್ರಿಯೆಯ ಹೊತ್ತಿಗೆ ಉತ್ತರ ಅಮೆರಿಕದ ಟೆಲಿಫೋನುಗಳನ್ನೆಲ್ಲ ಒಂದು ನಿಮಿಷ ಸ್ತಬ್ಧಗೊಳಿಸಿದ್ದರು. ಆ ಒಂದು ನಿಮಿಷ ಎಲ್ಲರೂ ನಮ್ಮ ಹಾಗೇ ಇದ್ದರು.

‘ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗೆ’ ಅನ್ನುತ್ತೇವೆ. ಗಾದೆಯ ಕುಹಕವೆಲ್ಲ ಕಿವುಡನ ಮೇಲೆ. ಎದುರಿಗಿರುವವನಿಗೆ ಕೇಳಿಸುವುದಿಲ್ಲ ಎಂದು ಗೊತ್ತಿದ್ದೂ ಬಾರಿಸುತ್ತಲೇ ಇದ್ದನಲ್ಲ, ಅವನನ್ನು ಯಾರೂ ಏನೂ ಅಂದ ಹಾಗಿಲ್ಲ. ಈ ವಿಷಯದಲ್ಲಿ ಸೈಬರ್ ಕಳ್ಳರೇ ಮೇಲು. ಅವರು ನನಗೆ ವಾಟ್ಸ್‌ಆ್ಯಪಿನಲ್ಲಿ ಕನ್ನಡದಲ್ಲೇ ಬರೆದು ಕಳಿಸುತ್ತಾರೆ. ಅಕ್ಷರ ತಪ್ಪುಗಳು ಇರುತ್ತವೆ, ಇರಲಿ.

ಬುಧವಾರ ಬ್ಯಾಂಕಿಗೆ ಪತ್ರ ಬರೆದೆ. ಒಂದೂವರೆ ಪುಟ, ಕನ್ನಡದಲ್ಲಿ. ನನಗೆ ಫೋನಿನಲ್ಲಿ ಕೇಳಿಸುವುದಿಲ್ಲ, ದಯವಿಟ್ಟು ಕರೆ ಮಾಡಬೇಡಿ, ಏನು ಬೇಕಿದ್ದರೂ ಬರವಣಿಗೆಯಲ್ಲಿ ಕೇಳಿ ಎಂದು ಬರೆದು, ಆ ಸಾಲಿನ ಅಡಿಗೆ ಸ್ಕೇಲು ಇಟ್ಟು ಗೆರೆ ಎಳೆದು, ಶಾಖೆಗೇ ಹೋಗಿ ಕೊಟ್ಟು, ಸೀಲು ಹಾಕಿಸಿಕೊಂಡು ಬಂದೆ. ಶುಕ್ರವಾರ ಮೊಬೈಲಿಗೆ ಅಚ್ಚುಕಟ್ಟಾದ ಮೆಸೇಜು ಬಂದಿದೆ: ‘ನಿಮ್ಮ ಮನವಿ ಸ್ವೀಕರಿಸಲಾಗಿದೆ. ನಮ್ಮ ಪ್ರತಿನಿಧಿ ಶೀಘ್ರದಲ್ಲೇ ನಿಮಗೆ ಕರೆ ಮಾಡಲಿದ್ದಾರೆ.’