ಅಲ್ಪವಿರಾಮದ ಬಳಿ ನಿಂತುಹೋಗುವ ಪ್ರತಿಭೆಗಳು

1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳತ್ವದಲ್ಲಿ ಒಂದು ಬ್ಯಾಂಕು ಆರಂಭವಾಯಿತು. ಮುಂದೆ ಅದು ಕಾರ್ಪೊರೇಷನ್ ಬ್ಯಾಂಕ್ ಎಂಬ ಹೆಸರಿನಿಂದ ದೇಶದಾದ್ಯಂತ ಬೆಳೆಯಿತು. 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ವಿಲೀನಗೊಳ್ಳುವವರೆಗೂ ಕರಾವಳಿಯ ಜನರಿಗೆ ಅದು ತಮ್ಮ ಮನೆಯ ಸಂಸ್ಥೆಯಾಗಿತ್ತು. ಶತಮಾನದ ಹಿಂದೆ ಬ್ಯಾಂಕನ್ನೇ ಕಟ್ಟಿದ ಹಿರಿಯರ ಸಮುದಾಯವು ಇಂದು ತನ್ನ ಮಕ್ಕಳನ್ನು ಸರಕಾರಿ ಕಚೇರಿಗಳ ಮತ್ತು ಬ್ಯಾಂಕುಗಳ ಕುರ್ಚಿಗಳಲ್ಲಿ ಹುಡುಕಿದರೆ ಎಷ್ಟು ಮಂದಿ ಸಿಕ್ಕಾರು? 2006ರ ಸಾಚಾರ್ ಸಮಿತಿಯ ವರದಿಯು ಐಎಎಸ್‌ನಲ್ಲಿ ಮುಸ್ಲಿಮರ ಪಾಲು ಶೇ. 3, ಐಪಿಎಸ್‌ನಲ್ಲಿ ಶೇ. 4 ಎಂದು ದಾಖಲಿಸಿತು. 2001ರ ಜನಗಣತಿಯಂತೆ ದೇಶದ ಜನಸಂಖ್ಯೆಯಲ್ಲಿ ನಮ್ಮ ಪಾಲು ಶೇ. 13.4 ಇತ್ತು. ಈ ಅಂಕಿಗಳನ್ನು ನಾವು ವೇದಿಕೆಗಳಲ್ಲಿ ಅಸಂಖ್ಯ ಬಾರಿ ಉಲ್ಲೇಖಿಸಿದ್ದೇವೆ. ಆದರೆ ನಮ್ಮ ಯುವಕ ಯುವತಿಯರು ನಿಖರವಾಗಿ ಯಾವ ಮೆಟ್ಟಿಲಲ್ಲಿ ಎಡವುತ್ತಾರೆ ಎಂದು ಎಷ್ಟು ಬಾರಿ ವಿಚಾರಿಸಿದ್ದೇವೆ?

ಅಂಥ ಒಂದು ಮೆಟ್ಟಿಲಿನ ಬಗ್ಗೆ ಇಲ್ಲಿ ಹೇಳಬೇಕಾಗಿದೆ. ಅದರ ಹೆಸರು ಇಂಗ್ಲಿಷ್ ಪತ್ರಿಕೆ.

ಸಿಬ್ಬಂದಿ ನೇಮಕಾತಿ ಆಯೋಗವು (ಎಸ್ಸೆಸ್ಸಿ) ಪದವೀಧರರಿಗಾಗಿ ನಡೆಸುವ ಸಿಜಿಎಲ್ ಪರೀಕ್ಷೆಯನ್ನೇ ನೋಡಿ. ಆದಾಯ ತೆರಿಗೆ ಇನ್‌ಸ್ಪೆಕ್ಟರ್, ಕೇಂದ್ರ ಸಚಿವಾಲಯದ ಸಹಾಯಕ ಅಧಿಕಾರಿ, ಲೆಕ್ಕ ಪರಿಶೋಧಕ, ಅಂಚೆ ಇಲಾಖೆಯ ಇನ್‌ಸ್ಪೆಕ್ಟರ್ ಮುಂತಾದ ಹುದ್ದೆಗಳಿಗೆ ಇದೇ ಬಾಗಿಲು. ಮೊದಲ ಹಂತದಲ್ಲಿ 60 ನಿಮಿಷಗಳಲ್ಲಿ 100 ಪ್ರಶ್ನೆಗಳು, ಅವುಗಳಲ್ಲಿ 25 ಇಂಗ್ಲಿಷ್‌ನದು. 2022ರಲ್ಲಿ ಪ್ರಕಟವಾದ ಮಾದರಿಯಂತೆ ಎರಡನೇ ಹಂತದ ಮುಖ್ಯ ಪತ್ರಿಕೆಯಲ್ಲಿ ಇಂಗ್ಲಿಷ್‌ಗೆ 45 ಪ್ರಶ್ನೆಗಳು, ಪ್ರತಿಯೊಂದಕ್ಕೂ 3 ಅಂಕದಂತೆ 135 ಅಂಕಗಳು. ಕೇವಲ ಅರ್ಹತೆಗೆಂದಿರುವ ಕಂಪ್ಯೂಟರ್ ಭಾಗವನ್ನು ಬಿಟ್ಟರೆ ಆ ಪತ್ರಿಕೆಯ ಒಟ್ಟು ಅಂಕ 390. ಅಂದರೆ ಮೂರರಲ್ಲೊಂದು ಪಾಲಿಗಿಂತಲೂ ಹೆಚ್ಚು ಇಂಗ್ಲಿಷ್‌ನ ಕೈಯಲ್ಲಿದೆ. ತಪ್ಪು ಉತ್ತರಕ್ಕೆ ಒಂದು ಅಂಕ ಕಡಿತವೂ ಇದೆ. ಬ್ಯಾಂಕ್ ಅಧಿಕಾರಿ ಹುದ್ದೆಯ ಪೂರ್ವಭಾವಿ ಪರೀಕ್ಷೆಯಲ್ಲಿ ಇಂಗ್ಲಿಷ್‌ನ 30 ಪ್ರಶ್ನೆಗಳಿಗೆ ಸಿಗುವುದು 20 ನಿಮಿಷ; ಮುಖ್ಯ ಪರೀಕ್ಷೆಯಲ್ಲಿ ಸ್ವತಃ ಬರೆಯಬೇಕಾದ ಪತ್ರಿಕೆಯೂ ಇದೆ. ಬಡ್ಡಿಯ ಕಾರಣಕ್ಕಾಗಿ ಬ್ಯಾಂಕ್ ಉದ್ಯೋಗಕ್ಕೆ ಹಿಂಜರಿಯುವವರು ನಮ್ಮಲ್ಲಿದ್ದಾರೆ. ಅದು ಅವರವರ ವಿವೇಚನೆಗೆ ಬಿಟ್ಟ ವಿಷಯ. ಆದರೆ ತೆರಿಗೆ, ಅಂಚೆ, ಲೆಕ್ಕ ಪರಿಶೋಧನೆಯ ಕಚೇರಿಗಳ ಹೊಸ್ತಿಲಲ್ಲೂ ಇದೇ ಇಂಗ್ಲಿಷ್ ಕಾದು ಕುಳಿತಿದೆ.

ಈ ಪತ್ರಿಕೆಯಲ್ಲಿ ಕೇಳುವುದೇನು? ಷೇಕ್ಸ್‌ಪಿಯರನ ನಾಟಕಗಳನ್ನಲ್ಲ, ಹರಳು ಹುರಿದಂತೆ ಮಾತನಾಡುವ ಕಲೆಯನ್ನೂ ಅಲ್ಲ. ವಾಕ್ಯದಲ್ಲಿರುವ ತಪ್ಪನ್ನು ಗುರುತಿಸುವುದು, ವಾಕ್ಯವನ್ನು ತಿದ್ದುವುದು, ಬಿಟ್ಟ ಸ್ಥಳ ತುಂಬುವುದು, ಕರ್ತರಿ-ಕರ್ಮಣಿ ಪ್ರಯೋಗ, ಚೆಲ್ಲಾಪಿಲ್ಲಿಯಾದ ವಾಕ್ಯಭಾಗಗಳನ್ನು ಮತ್ತು ವಾಕ್ಯಗಳನ್ನು ಕ್ರಮವಾಗಿ ಜೋಡಿಸುವುದು, ಓದಿ ಅರ್ಥೈಸುವುದು. ಇವೆಲ್ಲವೂ ಅಭ್ಯಾಸದಿಂದ ಬರುವ ಸಂಗತಿಗಳು. ಹೀಗಿದ್ದೂ ನಮ್ಮ ಮನೆಗಳಲ್ಲಿ ಇಂಗ್ಲಿಷನ್ನು ಹಣೆಬರಹವೆಂಬಂತೆ ನೋಡಲಾಗುತ್ತದೆ. ‘ಅವನು ಕಾನ್ವೆಂಟಿನಲ್ಲಿ ಕಲಿತವನು, ಅವನಿಗೆ ಬರುತ್ತದೆ, ನಮ್ಮವನು ಸರಕಾರಿ ಶಾಲೆಯವನು, ಅವನಿಗೆಲ್ಲಿ ಬರಬೇಕು?’ ಎಂದು ತಂದೆಯೇ ಮಗನ ಮುಂದೆ ಹೇಳಿಬಿಡುತ್ತಾರೆ. ಮಗ ಅದನ್ನು ನಂಬಿಬಿಡುತ್ತಾನೆ. ಪರೀಕ್ಷೆಯ ಸೋಲು ಅಲ್ಲಿಂದಲೇ ಆರಂಭವಾಗುತ್ತದೆ.

ನಿಜವಾಗಿ, ನಮ್ಮ ಮಕ್ಕಳು ಮಾಡುವ ತಪ್ಪುಗಳು ದಡ್ಡತನದ ಲಕ್ಷಣಗಳಲ್ಲ. ಅವು ಮನೆಮಾತಿನ ನಿಯಮವನ್ನು ಇನ್ನೊಂದು ಭಾಷೆಗೆ ಕೊಂಡೊಯ್ದುದರ ಫಲ. ‘ವಿಷಯದ ಬಗ್ಗೆ ಚರ್ಚಿಸಿದೆವು’ ಎನ್ನುವ ನಾಲಿಗೆ ಇಂಗ್ಲಿಷ್‌ನಲ್ಲಿ ‘ಡಿಸ್ಕಸ್ಡ್ ಅಬೌಟ್’ ಎನ್ನುತ್ತದೆ. ಇಂಗ್ಲಿಷ್‌ಗೆ ಆ ‘ಅಬೌಟ್’ ಬೇಡ. ‘ನಿನ್ನೆ ಅವನನ್ನು ನೋಡಿದ್ದೇನೆ’ ಎನ್ನುವವನು ‘ಐ ಹ್ಯಾವ್ ಸೀನ್ ಹಿಮ್ ಎಸ್ಟರ್‌ಡೇ’ ಎಂದು ಬರೆಯುತ್ತಾನೆ. ನಿನ್ನೆ ಎಂಬ ನಿರ್ದಿಷ್ಟ ಕಾಲ ಬಂದಾಗ ಅಲ್ಲಿ ‘ಸಾ’ ಎಂದೇ ಇರಬೇಕು. ‘ಎರಡು ವರ್ಷದಿಂದ’ ಎಂಬುದು ‘ಸಿನ್ಸ್ ಟೂ ಇಯರ್ಸ್’ ಆಗುತ್ತದೆ. ಅವಧಿಗೆ ‘ಫಾರ್’, ಆರಂಭದ ಬಿಂದುವಿಗೆ ‘ಸಿನ್ಸ್’ ಎಂಬ ವ್ಯತ್ಯಾಸವನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ‘ಎ’ ಮತ್ತು ‘ದಿ’ ಎಂಬ ಎರಡು ಪುಟ್ಟ ಪದಗಳಿಗೆ ಕನ್ನಡ, ಬ್ಯಾರಿ, ಉರ್ದು ಭಾಷೆಗಳಲ್ಲಿ ನೇರ ಸಮಾನಪದವೇ ಇಲ್ಲ. ಇಲ್ಲದ್ದನ್ನು ಮಗು ತಾನಾಗಿಯೇ ಕಲಿಯಬೇಕೆಂದು ನಿರೀಕ್ಷಿಸುವುದು ನ್ಯಾಯವೇ?

ವಾಕ್ಯಕ್ರಮದ ವಿಷಯವೂ ಹಾಗೆಯೇ. ಕನ್ನಡದಲ್ಲಿ ‘ಹುಲಿ ಬೇಟೆಗಾರನನ್ನು ಕೊಂದಿತು’ ಎಂದರೂ, ‘ಬೇಟೆಗಾರನನ್ನು ಹುಲಿ ಕೊಂದಿತು’ ಎಂದರೂ ಸತ್ತವನು ಬೇಟೆಗಾರನೇ. ಸತ್ತವರಾರೆಂದು ‘ಅನ್ನು’ ಎಂಬ ಪ್ರತ್ಯಯ ಹೇಳುತ್ತದೆ. ಉರ್ದುವಿನಲ್ಲಿ ‘ಕೋ’ ಹೇಳುತ್ತದೆ. ಇಂಗ್ಲಿಷ್‌ನಲ್ಲಿ ಅಂತಹ ಪ್ರತ್ಯಯವಿಲ್ಲ, ಪದ ನಿಂತ ಸ್ಥಾನವೇ ಅದರ ಕೆಲಸವನ್ನು ನಿರ್ಧರಿಸುತ್ತದೆ. ಪದಗಳನ್ನು ಅದಲು ಬದಲು ಮಾಡಿದರೆ ಹುಲಿಯೇ ಸಾಯುತ್ತದೆ! ನಮ್ಮ ಭಾಷೆಗಳಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬಂದರೆ ಅಲ್ಲಿ ಅದು ಕರ್ತೃವಿನ ಬೆನ್ನಿಗೇ ಬರುತ್ತದೆ. ಈ ಒಂದು ಸತ್ಯವನ್ನು ಎಂಟನೇ ತರಗತಿಯಲ್ಲಿ ಯಾರಾದರೂ ಕನ್ನಡದಲ್ಲೇ ವಿವರಿಸಿದ್ದರೆ ಎಷ್ಟೋ ಮಕ್ಕಳ ಭಯ ಅಲ್ಲಿಯೇ ಕರಗುತ್ತಿತ್ತು.

ಕಲಸಿಟ್ಟ ವಾಕ್ಯಗಳನ್ನು ಜೋಡಿಸುವ ಪ್ರಶ್ನೆಯೂ ಊಹೆಯ ಆಟವಲ್ಲ. ‘ಎ ಮರ್ಚೆಂಟ್’ ಎಂದು ಪರಿಚಯಿಸುವ ವಾಕ್ಯ ಮೊದಲು ಬರುತ್ತದೆ, ‘ದಿ ಮರ್ಚೆಂಟ್’ ಎನ್ನುವುದು ಅದರ ನಂತರ, ‘ಹಿ’ ಎನ್ನುವುದು ಸಾಮಾನ್ಯವಾಗಿ ಅದಕ್ಕೂ ನಂತರ. ‘ಹೌವೆವರ್’ ಎಂದು ಆರಂಭವಾಗುವ ವಾಕ್ಯಕ್ಕೆ ಅದು ವಿರೋಧಿಸುವ ಮಾತೊಂದು ಹಿಂದೆ ಇರಲೇಬೇಕು. ‘ದಿಸ್ ಡಿಸಿಷನ್’ ಎಂದಿದ್ದರೆ ಆ ನಿರ್ಧಾರ ಯಾವುದೆಂದು ಮೊದಲೇ ಹೇಳಿರಬೇಕು. ಕೊಂಡಿಯನ್ನು ಗುರುತಿಸಲು ಕಲಿತವನಿಗೆ ಸರಪಳಿ ತಾನಾಗಿ ಕೂಡಿಕೊಳ್ಳುತ್ತದೆ. ಆದರೆ ಈ ಕಣ್ಣು ನೂರು ಸೂತ್ರಗಳನ್ನು ಬಾಯಿಪಾಠ ಮಾಡಿದರೆ ಬರುವುದಿಲ್ಲ. ದಿನವೂ ಓದುವವನಿಗೆ ಮಾತ್ರ ಬರುತ್ತದೆ.

ಇನ್ನು ವಿರಾಮಚಿಹ್ನೆಗಳು. ‘ರೋಕೋ, ಮತ್ ಜಾನೇ ದೋ’ ಎಂದರೆ ತಡೆಯಿರಿ, ಹೋಗಗೊಡಬೇಡಿ ಎಂದರ್ಥ. ‘ರೋಕೋ ಮತ್, ಜಾನೇ ದೋ’ ಎಂದರೆ ತಡೆಯಬೇಡಿ, ಹೋಗಲು ಬಿಡಿ ಎಂದರ್ಥ. ಅಲ್ಪವಿರಾಮವೊಂದು ಸ್ಥಳ ಬದಲಿಸಿದರೆ ಬಂಧನವು ಬಿಡುಗಡೆಯಾಗುತ್ತದೆ. ಇದನ್ನು ನಮ್ಮ ಸಮುದಾಯಕ್ಕೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಮದ್ರಸದ ಪುಟ್ಟ ಮಗು ಪವಿತ್ರ ಕುರ್‌ಆನ್ ಓದಲು ಕಲಿಯುವಾಗ ವಕ್ಫ್‌ನ ಚಿಹ್ನೆಗಳನ್ನೂ ಕಲಿಯುತ್ತದೆ. ಮೀಮ್ ಇದ್ದಲ್ಲಿ ನಿಲ್ಲಲೇಬೇಕು, ಲಾಮ್ ಅಲಿಫ್ ಇದ್ದಲ್ಲಿ ನಿಲ್ಲಬಾರದು ಎಂದು ಉಸ್ತಾದರು ತಿದ್ದಿ ತಿದ್ದಿ ಹೇಳುತ್ತಾರೆ. ತಪ್ಪಾದಲ್ಲಿ ನಿಂತರೆ ಅರ್ಥವೇ ಕೆಟ್ಟೀತೆಂಬ ಎಚ್ಚರಿಕೆ ಆ ಪಾಠದಲ್ಲಿದೆ. ಆರು ವರ್ಷದ ಮಗುವಿಗೆ ಇಷ್ಟು ಶಿಸ್ತನ್ನು ಕಲಿಸಬಲ್ಲ ಸಮುದಾಯಕ್ಕೆ ಇಪ್ಪತ್ತೆರಡರ ಪದವೀಧರನಿಗೆ ಕಾಮಾ ಎಲ್ಲಿ ಹಾಕಬೇಕೆಂದು ಕಲಿಸುವುದು ಅಸಾಧ್ಯವೇ?

ವ್ಯಾಕರಣವು ಹುಟ್ಟಿನಿಂದ ಬರುವುದಲ್ಲ ಎಂಬುದಕ್ಕೆ ನಮ್ಮ ಇತಿಹಾಸವೇ ಸಾಕ್ಷಿ. ಅರಬಿ ವ್ಯಾಕರಣದ ಆಧಾರಗ್ರಂಥವೆನಿಸಿದ ‘ಅಲ್ ಕಿತಾಬ್’ಅನ್ನು ಎಂಟನೇ ಶತಮಾನದಲ್ಲಿ ರಚಿಸಿದ ಸೀಬವೈಹ್ ಅರಬನಾಗಿರಲಿಲ್ಲ, ಪರ್ಷಿಯನ್ ಮೂಲದವರು. ಬಸರಾದಲ್ಲಿ ಕಲಿಯುತ್ತಿದ್ದಾಗ ಒಂದು ಪ್ರಯೋಗದಲ್ಲಿ ತಪ್ಪಿ ಗುರುಗಳಿಂದ ತಿದ್ದಿಸಿಕೊಂಡ ಪ್ರಸಂಗವೇ ಅವರನ್ನು ವ್ಯಾಕರಣದ ಕಡೆಗೆ ತಿರುಗಿಸಿತೆಂದು ಹೇಳಲಾಗುತ್ತದೆ. ತಪ್ಪಿದ್ದಕ್ಕಾಗಿ ಅವರು ಪುಸ್ತಕ ಮುಚ್ಚಿಡಲಿಲ್ಲ. ಮನೆಮಾತಲ್ಲದ ಭಾಷೆಗೆ ಅವರೇ ದಾರಿದೀಪವಾದರು.

ಹಾಗೆಂದು ಈ ಪರೀಕ್ಷಾ ಪದ್ಧತಿಯು ಸಂಪೂರ್ಣ ನ್ಯಾಯಯುತವೆಂದು ನಾವು ಹೇಳುವುದಿಲ್ಲ. ಸಿಜಿಎಲ್‌ನ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ಹಿಂದಿಯ ರಾಜ್ಯದ ಅಭ್ಯರ್ಥಿಗೆ ಗಣಿತವಾದರೂ ತನ್ನ ಭಾಷೆಯಲ್ಲಿ ಸಿಗುತ್ತದೆ, ರಾಯಚೂರಿನ ಕನ್ನಡ ಮಾಧ್ಯಮದ ಮಗುವಿಗೆ ಅದೂ ಸಿಗುವುದಿಲ್ಲ. 2023ರಲ್ಲಿ ಎಂಟಿಎಸ್ ಮತ್ತು ಸಿಎಚ್‌ಎಸ್‌ಎಲ್ ಪರೀಕ್ಷೆಗಳನ್ನು ಕನ್ನಡ, ಉರ್ದು, ಕೊಂಕಣಿ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಲ್ಲೂ ನಡೆಸುವ ನಿರ್ಧಾರವಾದುದು ಸ್ವಾಗತಾರ್ಹ. ಆ ಸೌಲಭ್ಯ ಪದವಿ ಮಟ್ಟದ ಪರೀಕ್ಷೆಗೂ ವಿಸ್ತರಣೆಯಾಗಬೇಕು. ಇದು ಕನ್ನಡಿಗರೆಲ್ಲರ ಹಕ್ಕೊತ್ತಾಯ, ಇದರಲ್ಲಿ ನಾವೂ ದನಿಗೂಡಿಸಬೇಕು. ಆದರೆ ಆ ಹೋರಾಟ ಗೆದ್ದ ಮೇಲೂ ಇಂಗ್ಲಿಷ್ ಭಾಗವು ಇಂಗ್ಲಿಷ್ ಆಗಿಯೇ ಉಳಿಯುತ್ತದೆ. ಬೇಡಿಕೆ ಮುಂದಿಡುವ ಕೈ ಒಂದಾದರೆ ಪೆನ್ನು ಹಿಡಿಯುವ ಕೈ ಇನ್ನೊಂದಾಗಬೇಕು.

‘ನಮ್ಮ ಹೆಸರು ಕಂಡರೆ ಯಾರು ಕೆಲಸ ಕೊಡುತ್ತಾರೆ?’ ಎಂಬ ಮಾತನ್ನೂ ನಾವು ಕೇಳುತ್ತಿರುತ್ತೇವೆ. ತಾರತಮ್ಯ ಇಲ್ಲವೆಂದು ನಾವು ವಾದಿಸುವುದಿಲ್ಲ. ಬಾಡಿಗೆ ಮನೆ ಹುಡುಕಿದವರಿಗೆ ಅದರ ಅನುಭವವಿದೆ. ಆದರೆ ಈ ಪರೀಕ್ಷೆಯ ಬಹು ಆಯ್ಕೆಯ ಉತ್ತರಗಳನ್ನು ಯಂತ್ರ ಲೆಕ್ಕ ಹಾಕುತ್ತದೆ. ಯಂತ್ರ ಹೆಸರನ್ನು ಓದುವುದಿಲ್ಲ. ಕೇಂದ್ರ ಸರಕಾರದ ಗ್ರೂಪ್ ಸಿ ಮತ್ತು ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳಿಗೆ 2016ರ ಜನವರಿಯಿಂದ ಸಂದರ್ಶನವನ್ನೂ ಕೈಬಿಡಲಾಗಿದೆ. ನಾಗರಿಕ ಸೇವಾ ಪರೀಕ್ಷೆಯ ವಿಷಯದಲ್ಲಿ ಸಾಚಾರ್ ಸಮಿತಿ ಕಂಡ ಒಂದು ಸಂಗತಿಯನ್ನು ನಾವು ಮರೆಯಬಾರದು: ಪರೀಕ್ಷೆಗೆ ಕುಳಿತ ಮುಸ್ಲಿಮರ ಯಶಸ್ಸಿನ ಪ್ರಮಾಣ ಇತರರಿಗಿಂತ ಹೆಚ್ಚು ಭಿನ್ನವಾಗಿರಲಿಲ್ಲ, ಕುಳಿತವರೇ ತೀರಾ ಕಡಿಮೆ. ತೆರೆದಿರುವ ಬಾಗಿಲನ್ನೂ ಮುಚ್ಚಿದೆಯೆಂದು ಭಾವಿಸಿ ಹಿಂದಿರುಗುವುದು ನಮ್ಮ ಮೇಲೆ ನಾವೇ ಎಸಗುವ ಅನ್ಯಾಯ.

ಹಾಗಾದರೆ ಮಾಡಬೇಕಾದುದೇನು? ಇದಕ್ಕೆ ಲಕ್ಷಗಟ್ಟಲೆ ಹಣ ಬೇಡ. ಹಳೆಯ ಪ್ರಶ್ನೆಪತ್ರಿಕೆಗಳು ಸುಲಭವಾಗಿ ಸಿಗುತ್ತವೆ, ಎನ್‌ಸಿಇಆರ್‌ಟಿಯ ಪಠ್ಯಪುಸ್ತಕಗಳು ಇಂಟರ್‌ನೆಟ್‌ನಲ್ಲಿ ಉಚಿತ. ದಿನಕ್ಕೊಂದು ಇಂಗ್ಲಿಷ್ ಪತ್ರಿಕೆಯ ಒಂದು ಲೇಖನವನ್ನು ಗಟ್ಟಿಯಾಗಿ ಓದಬೇಕು. ಇಪ್ಪತ್ತು ಪ್ರಶ್ನೆಗಳನ್ನು ಗಡಿಯಾರ ಎದುರಿಗಿಟ್ಟು ಬಿಡಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ ತಪ್ಪುಗಳ ಪುಸ್ತಕವೊಂದನ್ನು ಇಟ್ಟುಕೊಳ್ಳಬೇಕು. ಸರಿ ಉತ್ತರ ಯಾವುದೆಂದು ಬರೆದುಕೊಂಡರೆ ಸಾಲದು, ತಾನು ತಪ್ಪಿದ್ದು ಏಕೆಂದು ತನ್ನ ಭಾಷೆಯಲ್ಲೇ ಒಂದು ಸಾಲು ಬರೆಯಬೇಕು. ತಿಂಗಳ ಕೊನೆಯಲ್ಲಿ ಅದನ್ನು ತೆರೆದು ನೋಡಿದರೆ ನೂರು ತಪ್ಪುಗಳೆಂದು ಕಂಡದ್ದು ಹತ್ತೇ ತಪ್ಪುಗಳ ಪುನರಾವರ್ತನೆ ಎಂದು ತಿಳಿಯುತ್ತದೆ. ‘ಮೂವತ್ತು ದಿನಗಳಲ್ಲಿ ಇಂಗ್ಲಿಷ್’ ಎಂಬ ಫಲಕಗಳ ಹಿಂದೆ ಹೋಗಿ ತಂದೆಯ ಬೆವರಿನ ಹಣ ಕಳೆಯುವ ಮುನ್ನ ಈ ಒಂದು ನೋಟ್‌ಬುಕ್‌ಗೆ ಆರು ತಿಂಗಳು ಕೊಟ್ಟು ನೋಡಲಿ.

ಜಮಾಅತ್‌ಗಳಿಗೂ ಇಲ್ಲಿ ಹೊಣೆಯಿದೆ. ಬೆಳಗಿನ ಪಾಠ ಮುಗಿದ ಮೇಲೆ ಎಷ್ಟೋ ಮದ್ರಸ ಕಟ್ಟಡಗಳು ದಿನವಿಡೀ ಬೀಗ ಹಾಕಿಕೊಂಡಿರುತ್ತವೆ. ಅಲ್ಲಿ ಇಶಾ ನಮಾಝ್‌ನ ಬಳಿಕ ಒಂದು ಗಂಟೆ ದೀಪ ಉರಿಯಲಿ. ಊರಿನ ನಿವೃತ್ತ ಶಿಕ್ಷಕರೊಬ್ಬರು, ಅವರು ಯಾವ ಧರ್ಮದವರೇ ಆಗಿರಲಿ, ಪ್ರೀತಿಯಿಂದ ಕರೆದರೆ ಬಾರದಿರುವುದಿಲ್ಲ. ನೆರೆಮನೆಯ ಹಿಂದೂ, ಕ್ರೈಸ್ತ ಮಕ್ಕಳೂ ಆ ಬೆಂಚಿನಲ್ಲಿ ಕುಳಿತುಕೊಳ್ಳಲಿ. ಮದುವೆಯ ಒಂದು ರಾತ್ರಿಯ ಅಲಂಕಾರಕ್ಕೆ ಸುರಿಯುವ ಹಣದಲ್ಲಿ ಇಂತಹ ಕೋಣೆಯೊಂದು ಹಲವು ತಿಂಗಳು ನಡೆಯಬಲ್ಲದು.

ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು. ಇಂದು ಎಷ್ಟೋ ಮನೆಗಳಲ್ಲಿ ಮಗಳೇ ಪದವೀಧರೆ. ಆಕೆಯ ಪ್ರಮಾಣಪತ್ರವು ವರನ ಕಡೆಯವರಿಗೆ ತೋರಿಸುವ ಕಾಗದವಾಗಿ ಕಪಾಟಿನಲ್ಲಿದೆ. ವ್ಯಾಕರಣದ ಅಭ್ಯಾಸಕ್ಕೆ ಆಕೆ ದೂರದ ನಗರಕ್ಕೆ ಹೋಗಬೇಕಾಗಿಲ್ಲ, ಅಡುಗೆಮನೆಯ ಪಕ್ಕದ ಮೇಜೇ ಸಾಕು. ಪರೀಕ್ಷೆಯ ದಿನ ಮಂಗಳೂರಿಗೋ ಹುಬ್ಬಳ್ಳಿಗೋ ಜೊತೆಯಲ್ಲಿ ಹೋಗಿಬರುವ ತಂದೆ ಅಥವಾ ಅಣ್ಣ ಇದ್ದರೆ ಆಕೆಯ ಅರ್ಧ ದಾರಿ ಕ್ರಮಿಸಿದಂತೆಯೇ.

ಒಂದು ಅಲ್ಪವಿರಾಮವು ವಾಕ್ಯದ ಅರ್ಥವನ್ನು ಬದಲಿಸಬಲ್ಲದಾದರೆ ಅದನ್ನು ಕಲಿತ ಒಬ್ಬ ಮಗ, ಒಬ್ಬಳು ಮಗಳು ಒಂದು ಮನೆಯ ಸ್ಥಿತಿಯನ್ನೂ ಬದಲಿಸಬಲ್ಲರು. ಹಾಜಿ ಅಬ್ದುಲ್ಲಾ ಸಾಹೇಬರ ಹೆಸರನ್ನು ಸಮಾರಂಭಗಳಲ್ಲಿ ಸ್ಮರಿಸಿದರೆ ಸಾಲದು. ಇಂದು ರಾತ್ರಿ ಊಟವಾದ ಮೇಲೆ ಮಕ್ಕಳ ಇಂಗ್ಲಿಷ್ ನೋಟ್‌ಬುಕ್ಕನ್ನು ಒಮ್ಮೆ ತರಿಸಿ ನೋಡಿ. ನಿಮಗೆ ಓದಲು ಬಾರದಿದ್ದರೂ ಚಿಂತೆಯಿಲ್ಲ, ಪಕ್ಕದಲ್ಲಿ ಕುಳಿತುಕೊಳ್ಳಿ.