ಮೀನು ಸಾಕುವವರಿಗೆ ಲೆಕ್ಕ ಬೇಡವೆ?

ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನುಗಳನ್ನು ಸಾಕುವ ಹವ್ಯಾಸವು ನಮ್ಮ ಮುಂಬಯಿಯ ಮಕ್ಕಳಿಗೆ ಹೊಸದಲ್ಲ. ಮೀನು ಮರಿಹಾಕಿದ ದಿನ ಮನೆಯಲ್ಲಿ ಹಬ್ಬವೇ ಸರಿ. ‘ಇವನ್ನು ಬೆಳೆಯಿಸಿ ಅಂಗಡಿಗೆ ಮಾರಿದರೆ ಕೈಖರ್ಚಿಗಾಯಿತು’ ಎಂಬ ಆಸೆಯೂ ಒಡನೆಯೇ ಮೊಳೆಯುತ್ತದೆ. ಆಸೆ ತಪ್ಪಲ್ಲ, ಆದರೆ ಲೆಕ್ಕವಿಲ್ಲದ ಆಸೆಯು ಮೂಕಜೀವಿಗಳಿಗೆ ಮುಳುವಾಗುತ್ತದೆಂಬುದು ನನ್ನ ಅಭಿಪ್ರಾಯ.

ಗಪ್ಪಿ ಮೀನನ್ನೇ ನೋಡೋಣ. ಅದು ಮೊಟ್ಟೆಯಿಡುವುದಿಲ್ಲ, ಮರಿಗಳನ್ನೇ ಹಾಕುತ್ತದೆ. ಸುಮಾರು ನಾಲ್ಕು ವಾರಗಳಿಗೊಮ್ಮೆ 20-30 ಮರಿಗಳು ಹುಟ್ಟಬಹುದು. ಗಂಡನ್ನು ಬೇರ್ಪಡಿಸಿದ ಮೇಲೂ ಹೆಣ್ಣು ಕೆಲವು ತಿಂಗಳು ಮರಿಹಾಕುತ್ತಲೇ ಇರಬಲ್ಲುದು. ಎರಡು ಮೂರು ತಿಂಗಳಲ್ಲಿ ಮೊದಲ ಮರಿಗಳೇ ತಾಯ್ತಂದೆಗಳಾಗುತ್ತವೆ. ತೊಟ್ಟಿಯಾದರೋ ಬೆಳೆಯುವುದಿಲ್ಲ! 60 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರದ ತೊಟ್ಟಿ ಹಿಡಿಯುವುದು 54 ಲೀಟರು ನೀರನ್ನು. ಆ ನೀರಿನ ತೂಕವೇ 54 ಕಿಲೋ. ಒಂದು ಕೋಣೆಯ ಮನೆಯಲ್ಲಿ ಇಂತಹ ಎರಡನೆಯ ತೊಟ್ಟಿಗೆ ಎಡೆಯೆಲ್ಲಿ? ಇದ್ದುದರಲ್ಲೇ ಎಲ್ಲವನ್ನೂ ತುಂಬಿದರೆ ನೀರು ಬೇಗ ಕೆಟ್ಟು ಮರಿಗಳು ಸೊರಗಿ ಸಾಯುತ್ತವೆ.

ಇನ್ನು ಮಾರಾಟದ ಮಾತು. ಚೆನ್ನೈಯ ಕೊಳತ್ತೂರಿನಲ್ಲಿ ಬಣ್ಣದ ಮೀನು ಬೆಳೆಸುವುದನ್ನೇ ಜೀವನೋಪಾಯವಾಗಿ ಮಾಡಿಕೊಂಡ ಕುಟುಂಬಗಳು ಅನೇಕ. ಅಂತಹವರಿಂದ ಸಗಟಾಗಿ ಕೊಳ್ಳಬಲ್ಲ ಅಂಗಡಿಕಾರರು ನಮ್ಮ ಹತ್ತಿಪ್ಪತ್ತು ಮರಿಗಳಿಗೆ ಹೆಚ್ಚಿನ ಬೆಲೆಯನ್ನೇಕೆ ಕೊಟ್ಟಾರು? ಅವರಿಗೆ ಬೇಕಾದುದು ಒಂದೇ ಗಾತ್ರದ, ಒಂದೇ ಬಣ್ಣದ, ನಿರೋಗಿಯಾದ ಮೀನು. ಆದುದರಿಂದ ಎಷ್ಟು ಮರಿ, ಯಾವ ಗಾತ್ರ, ಯಾವ ತಿಂಗಳು ಎಂಬುದನ್ನು ಮರಿ ಹುಟ್ಟುವ ಮೊದಲೇ ಅವರಲ್ಲಿ ಕೇಳಿ ಬರೆದಿಟ್ಟುಕೊಳ್ಳಬೇಕು. ಆಹಾರದ ಖರ್ಚನ್ನೂ ಅದೇ ಹಾಳೆಯಲ್ಲಿ ಬರೆಯಬೇಕು.

ಉಳಿದುದನ್ನು ಕೆರೆಗೆ ಬಿಟ್ಟರಾಯಿತೆಂದು ಕೆಲವರು ಹೇಳುವುದುಂಟು. ಅದು ದಯೆಯಲ್ಲ. ಗಪ್ಪಿಯ ತವರು ದಕ್ಷಿಣ ಅಮೆರಿಕ. ನಮ್ಮ ಕೆರೆಯಲ್ಲಿ ಅದು ಹೆಚ್ಚಿದರೆ ಇಲ್ಲಿಯ ಕಿರುಮೀನುಗಳ ಆಹಾರಕ್ಕೆ ಪಾಲುಗಾರನಾಗುತ್ತದೆ.

ಹಾಗಾದರೆ ಸ್ಥಳವಿಲ್ಲದವನು ಮೀನನ್ನೇ ಸಾಕಬಾರದೆ? ಧಾರಾಳವಾಗಿ ಸಾಕಲಿ, ಗಂಡುಮೀನುಗಳನ್ನು ಮಾತ್ರ ಸಾಕಲಿ. ಗಪ್ಪಿಯಲ್ಲಿ ಬಣ್ಣದ ಬೆಡಗೆಲ್ಲ ಹೆಚ್ಚಾಗಿ ಗಂಡಿನದೇ ಅಲ್ಲವೆ? ಮರಿ ಬೇಕೆನ್ನುವವನು ಎರಡು ಪ್ರಶ್ನೆಗಳಿಗೆ ಮೊದಲು ಉತ್ತರ ಹೇಳಲಿ: ಇವು ಎಲ್ಲಿ ಬೆಳೆಯುವುವು? ಬೆಳೆದ ಮೇಲೆ ಯಾರ ಮನೆ ಸೇರುವುವು?

ಹಾಸಿಗೆಯಿದ್ದಷ್ಟು ಕಾಲು ಚಾಚೆಂದು ಹಿರಿಯರು ಹೇಳಿದ್ದು ನಮಗಾಗಿ. ಆದರೆ ಮೀನು ತನ್ನ ತೊಟ್ಟಿಯನ್ನು ತಾನು ಅಳೆಯಲಾರದು. ಗೆಳೆಯರೇ, ಅದನ್ನು ಅಳೆಯಬೇಕಾದವರು ನಾವೇ.